ಲಗ್ನಪತ್ರಿಕೆ ಇಟ್ಟುಕೊಂಡು ‘ಅಂತಸ್ತು’ ಪಾಠ

ಪ್ರಥಮ ಪಿಯುಸಿ ಸಮಾಜಶಾಸ್ತ್ರದಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಗೊತ್ತಿರುವ ಪದಗಳಲ್ಲೇ. ‘ಅಂತಸ್ತು’ ಅಂದರೆ ಅವರಿಗೆ ಕೇಳಿಸುವುದು ‘ಆಸ್ತಿ-ಅಂತಸ್ತು’. ಹಾಗಾಗಿ ‘ಬಡವರಿಗೆ ಅಂತಸ್ತು ಇರುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಶಾಸ್ತ್ರದಲ್ಲಿ ಅದು ಸಮಾಜದಲ್ಲಿ ಒಬ್ಬರಿಗಿರುವ ಸ್ಥಾನ: ಮಗಳು, ಕಂಡಕ್ಟರು, ಬಾಡಿಗೆದಾರ. ಅಂತಸ್ತೇ ಇಲ್ಲದವರು ಯಾರೂ ಇಲ್ಲ. ಇದನ್ನು ವ್ಯಾಖ್ಯಾನ ಬರೆಸಿ ತಿದ್ದಲಾಗುವುದಿಲ್ಲ. ನಾನು ಲಗ್ನಪತ್ರಿಕೆ ಓದಿಸುತ್ತೇನೆ.

ಒಂದು ವಾರ ಮೊದಲೇ ಹಳೆಯ ಪತ್ರಿಕೆ ತರಲು ಹೇಳಬೇಕು. ಐದು ಜನರ ಗುಂಪಿಗೆ ನಾಲ್ಕು ಸಾಕು, ಒಂದಾದರೂ ಇಪ್ಪತ್ತು ವರ್ಷ ಹಿಂದಿನದಿರಲಿ. ಹೆಸರು, ಫೋನ್ ನಂಬರು, ಗೋತ್ರ, ಮನೆದೇವರು ಇವನ್ನು ಕಾಗದದ ಪಟ್ಟಿಯಿಂದ ಮುಚ್ಚಿ ಜೆಮ್ ಕ್ಲಿಪ್ ಹಾಕುತ್ತೇನೆ. ಸೆಲೊಟೇಪ್ ಬೇಡ, ಬಂಗಾರದ ಅಕ್ಷರ ಕಿತ್ತುಬರುತ್ತದೆ. ಮುಚ್ಚದಿದ್ದರೆ ಐದೇ ನಿಮಿಷದಲ್ಲಿ ತರಗತಿ ‘ಇವರು ಯಾವ ಜನ’ ಎಂಬ ಪತ್ತೇದಾರಿಗೆ ಇಳಿಯುತ್ತದೆ.

ಆಮೇಲೆ ಎರಡು ಕಲಂ. ‘ಜ್ಯೇಷ್ಠ ಪುತ್ರ’, ‘ದ್ವಿತೀಯ ಪುತ್ರಿ’, ‘ಸೋದರಮಾವ’ ಪ್ರಯತ್ನವಿಲ್ಲದೆ ತಾನಾಗಿ ಬರುವ ಆರೋಪಿತ ಅಂತಸ್ತಿಗೆ, ‘ಬಿ.ಇ.’, ‘ನಿವೃತ್ತ ಮುಖ್ಯೋಪಾಧ್ಯಾಯರು’ ಸ್ವಂತ ಪ್ರಯತ್ನದಿಂದ ಪಡೆದ ಸಾಧಿತ ಅಂತಸ್ತಿಗೆ. ಈ ವಿಂಗಡಣೆ ಅಮೆರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಮಾಡಿದ್ದು. ಗಲಾಟೆ ಶುರುವಾಗುವುದು ‘ಶ್ರೀಮತಿ’ ಬಂದಾಗ. ಪುಸ್ತಕದ ಪ್ರಕಾರ ಹೆಂಡತಿ, ಗಂಡ ಸಾಧಿತ ಅಂತಸ್ತು. ಆದರೆ ಅದೇ ಪತ್ರಿಕೆಯ ಮೇಲ್ಭಾಗದಲ್ಲಿ ‘ಗುರುಹಿರಿಯರು ನಿಶ್ಚಯಿಸಿರುವಂತೆ’ ಎಂದಿರುತ್ತದೆ. ಹಾಗಾದರೆ ಸಾಧಿಸಿದ್ದು ಯಾರು? ಚರ್ಚೆ ಹತ್ತು ನಿಮಿಷ ಹೋದರೂ ತಡೆಯುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಸಾಧಿತ ಎಂದೇ ಬರೆಯಿರಿ ಎನ್ನುತ್ತೇನೆ.

ಮುಂದಿನ ತೊಡಕು ಅಂತಸ್ತು ಮತ್ತು ಪಾತ್ರ, ಅಂದರೆ ಆ ಸ್ಥಾನದಲ್ಲಿರುವವರು ಮಾಡಬೇಕಾದದ್ದು, ಕಲಸಿಹೋಗುವುದು. ಪಾತ್ರಕ್ಕೆಂದು ಇನ್ನೊಂದು ಕಲಂ ಕೊಟ್ಟರೆ ಅಲ್ಲೂ ‘ಸೋದರಮಾವ’ ಎಂದೇ ಬರೆದಿರುತ್ತಾರೆ. ಇದಕ್ಕೆ ನಮ್ಮ ಭಾಷೆಯಲ್ಲೇ ಒಂದು ಅಳತೆಗೋಲಿದೆ: ‘ಯಾರು?’ ಎಂಬುದಕ್ಕೆ ಉತ್ತರ ಅಂತಸ್ತು. ಪಾತ್ರದ ವಾಕ್ಯ ‘ಬೇಕು’ ಎಂದು ಮುಗಿಯಲೇಬೇಕು. ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು. ಅವನು ಬಸ್ ಚಾಲಕನೂ ಆಗಿದ್ದು, ಮುಹೂರ್ತದ ದಿನವೇ ಡ್ಯೂಟಿ ಬಿದ್ದರೆ? ಬಸ್ಸನ್ನು ಹೊತ್ತಿಗೆ ಸರಿಯಾಗಿ ಹೊರಡಿಸಬೇಕು. ಎರಡು ‘ಬೇಕು’ಗಳು ಡಿಕ್ಕಿ ಹೊಡೆದದ್ದೇ ಪಾತ್ರ ಸಂಘರ್ಷ. ಅವು ಬೇರೆ ಬೇರೆ ಅಂತಸ್ತಿನಿಂದ ಬಂದಿವೆಯೇ ಎಂದು ನೋಡಿಸುವುದನ್ನು ಮರೆಯಬಾರದು. ಒಂದೇ ಅಂತಸ್ತಿನೊಳಗಿನ ಜಗ್ಗಾಟಕ್ಕೆ ಪಾತ್ರ ಒತ್ತಡ ಎನ್ನುತ್ತಾರೆ.

ಪತ್ರಿಕೆಯ ಕೆಳತುದಿಯ ‘ಸುಖಾಗಮನ ಬಯಸುವವರು’ ಪಟ್ಟಿಯನ್ನು ಬೇರೆ ದಿನಕ್ಕೆ ಇಡುತ್ತೇನೆ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರೂ ಇರುವುದು ಕಂಡು ‘ಅವಿಭಕ್ತ ಕುಟುಂಬ’ ಎಂದುಬಿಡುತ್ತಾರೆ. ಆಗ ಒಂದೇ ಪ್ರಶ್ನೆ: ಇವರೆಲ್ಲರಿಗೂ ಎಷ್ಟು ಒಲೆ? ಜನಗಣತಿಯಲ್ಲೂ ಒಂದು ಮನೆವಾಳ್ತೆ ಎಂದರೆ ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಮನೆವಾಳ್ತೆ ಬೇರೆ, ಕುಟುಂಬ ಬೇರೆ ಎಂದು ಸಮಾಜಶಾಸ್ತ್ರಜ್ಞ ಎ.ಎಂ. ಶಾ ಒತ್ತಿ ಹೇಳಿದ್ದು ಇದನ್ನೇ. ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ನಿಂತ ಅಣ್ಣತಮ್ಮಂದಿರು ಹುಬ್ಬಳ್ಳಿಯಲ್ಲೊಬ್ಬ, ಪುಣೆಯಲ್ಲೊಬ್ಬ ಇರಬಹುದು.

ನಾಲ್ಕು ಪತ್ರಿಕೆ ನೋಡಿ ‘ಕರ್ನಾಟಕದಲ್ಲಿ ಮದುವೆಗಳು ಹೀಗೆ’ ಎಂದು ಬರೆಯಲು ಬಿಡಬಾರದು. ಬಾಯಿಮಾತಿನಲ್ಲಿ ಕರೆದ ಮದುವೆ, ಪತ್ರಿಕೆಯೇ ಅಚ್ಚಾಗದ ರಿಜಿಸ್ಟರ್ ಮದುವೆ ನಮ್ಮ ಮೇಜಿನ ಮೇಲೆ ಬಂದೇ ಇಲ್ಲವಲ್ಲ!

ವ್ಯಾಖ್ಯಾನ ಬರೆಸುವುದು ಕೊನೆಯ ಐದು ನಿಮಿಷದಲ್ಲಿ. ಪತ್ರಿಕೆಗಳನ್ನು ಮರುದಿನವೇ ಎಣಿಸಿ ವಾಪಸ್ ಕೊಡಿ. ಮೇಲೆ ಗಣಪತಿಯ ಚಿತ್ರ ಇರುತ್ತದೆ, ಕಸದ ಬುಟ್ಟಿಯಲ್ಲಿ ಕಂಡರೆ ಮನೆಯಿಂದ ಮಾತು ಬರುತ್ತದೆ.