ಬ್ಯಾಟರಿ ಕೂತ ಕೀಲೆಸ್ ಕಾರನ್ನು ಕೆಳಗಿನಿಂದ ತೆರೆದದ್ದು: ನನ್ನ ಅನುಭವ

ಮಂಡ್ಯದಲ್ಲಿ 22 ವರ್ಷಗಳಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡಿದ್ದೇನೆ. ಬ್ಯಾಟರಿ ಪೂರ್ತಿ ಕೂತುಹೋಗಿ ಬಾಗಿಲೂ ತೆರೆಯದ, ಬಾನೆಟ್ಟೂ ತೆರೆಯದ ಕೀಲೆಸ್ ಕಾರಿಗೆ (ಕೀಲಿಯ ಬದಲು ರಿಮೋಟಿನಿಂದ ನಡೆಯುವ ಕಾರು) ಅಡಿಯಿಂದ, ಸ್ಟಾರ್ಟರ್ ಮೋಟಾರಿನ ಪಾಸಿಟಿವ್ ಬೋಲ್ಟಿಗೆ ಕರೆಂಟ್ ಕೊಟ್ಟು ರಿಮೋಟಿನಿಂದಲೇ ಬಾಗಿಲು ತೆಗೆಯಬಹುದು ಎಂದು ನಾನು ಹೇಳಿದಾಗ ನಮ್ಮ ಲೈನಿನವರೇ ನಂಬಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು, "ಕೆಳಗಿಂದ ಕರೆಂಟ್ ಕೊಡ್ತೀನಿ ಅಂತೀಯಲ್ಲಪ್ಪ, ಇಸಿಎಂ ಸುಟ್ಟೋದ್ರೆ ಲಕ್ಷ ರೂಪಾಯಿ ಯಾರ್ ಕೊಡ್ತಾರೆ?" ಎಂದು ನಾಲ್ಕು ಜನರ ಮುಂದೆ ಕೇಳಿದ್ದರು. ಇಸಿಎಂ ಎಂದರೆ ಎಂಜಿನ್ ನಡೆಸುವ ಕಂಪ್ಯೂಟರು. ಇಲ್ಲಿಯವರೆಗೆ 30ಕ್ಕೂ ಹೆಚ್ಚು ಕಾರುಗಳನ್ನು ಈ ರೀತಿಯಲ್ಲಿ ತೆರೆದಿದ್ದೇನೆ, ಒಂದರಲ್ಲೂ ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹೋಗಿಲ್ಲ.

ಬ್ಯಾಟರಿ ಕೂತಾಗ ಬಾಗಿಲು ತೆಗೆಯಲೆಂದೇ ರಿಮೋಟಿನೊಳಗೆ ಒಂದು ಲೋಹದ ಕೀಲಿ ಅಡಗಿರುತ್ತದೆ, ಅದನ್ನು ಹಾಕುವ ತೂತು ಹ್ಯಾಂಡಲ್ಲಿನ ಮುಚ್ಚಳದ ಕೆಳಗಿರುತ್ತದೆ. ಆ ಕೀಲಿ ತಿರುಗಿದರೆ ಬೇರೆ ಯಾವ ಉಪಾಯವೂ ಬೇಡ. ಆದರೆ ಐದಾರು ವರ್ಷ ಒಮ್ಮೆಯೂ ಕೀಲಿ ಕಾಣದ ಲಾಕ್ ಸಿಲಿಂಡರ್ ನಮ್ಮ ಕಡೆಯ ಧೂಳಿಗೆ ಕಚ್ಚಿಕೊಂಡಿರುತ್ತದೆ. ಆಲೆಮನೆಗಳ ಪಕ್ಕ ನಿಲ್ಲುವ ಕಾರುಗಳಲ್ಲಂತೂ ಸಿಪ್ಪೆಯ ಧೂಳು, ಮಸಿ ಎರಡೂ ಸೇರಿ ಒಳಗಿನ ಪಿನ್ನುಗಳು ಅಲ್ಲಾಡುವುದೇ ಇಲ್ಲ. ಅದರ ಮೇಲೆ ಮನೆಯವರು ಕೊಬ್ಬರಿ ಎಣ್ಣೆ ಬಿಟ್ಟಿದ್ದರೆ ಧೂಳು ಅಂಟಾಗಿ ಕೂತು ಕೆಲಸ ಇನ್ನೂ ಕೆಡುತ್ತದೆ. ಬಲ ಹಾಕಿ ತಿರುಗಿಸಿ ತೆಳುವಾದ ಕೀಲಿಯನ್ನು ಒಳಗೇ ಮುರಿದುಕೊಂಡವರನ್ನು ಮೂವರನ್ನಾದರೂ ನೋಡಿದ್ದೇನೆ. ನಾನು ಈಗ ಗ್ರಾಫೈಟ್ ಪುಡಿಯನ್ನು ಮಾತ್ರ ಬಳಸುತ್ತೇನೆ. ಅದು ಸಿಗದ ದಿನ ಪೆನ್ಸಿಲ್ಲಿನ ಸೀಸವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಿಕೊಂಡದ್ದೂ ಉಂಟು.

ಈ ದಾರಿಗೆ ಬರುವ ಮೊದಲು ನಾನು ಕಳೆದುಕೊಂಡ ಹಣದ ಲೆಕ್ಕ ಹೇಳಬೇಕು. 2019ರಲ್ಲಿ ಒಂದು ಸೆಡಾನಿನ ಹಿಂಬದಿಯ ಚಿಕ್ಕ ಗಾಜನ್ನು ಮಾಲೀಕರ ಒಪ್ಪಿಗೆ ಪಡೆದೇ ಒಡೆದೆ, ಚಿಕ್ಕದಾದ್ದರಿಂದ ಅಗ್ಗವೆಂದುಕೊಂಡಿದ್ದೆ. ದೊಡ್ಡ ಗಾಜಿಗಿಂತ ಅದೇ ದುಬಾರಿಯಾಗಿತ್ತು, ಬರಲು ಹನ್ನೆರಡು ದಿನವೂ ಹಿಡಿಯಿತು, ಕೂಲಿ ಸೇರಿ ಸುಮಾರು 5,000 ರೂಪಾಯಿಯಲ್ಲಿ ಅರ್ಧ ನಾನೇ ಕೊಟ್ಟೆ. ಮುಂದಿನ ವರ್ಷ ಗಾಳಿಚೀಲ ತೂರಿಸಿ ಬಾಗಿಲ ಅಂಚನ್ನು ಅಗಲಿಸಿ ಕಂಬಿ ಹಾಕುವ ವಿಧಾನವನ್ನು ಹಿಡಿದೆ. ಮೂರು ಕಾರುಗಳಲ್ಲಿ ಅದು ನಡೆಯಿತು. ನಾಲ್ಕನೆಯದರಲ್ಲಿ ಬಾಗಿಲ ಫ್ರೇಮ್ ಒಂದು ಕೂದಲೆಳೆಯಷ್ಟು ಹೊರಗೆ ಬಾಗಿ, ಮಳೆಗಾಲದಲ್ಲಿ ನೀರು ಒಳಗಿಳಿಯತೊಡಗಿ, ಟಿಂಕರಿಂಗು, ಪೇಂಟು ಎಂದು 6,000 ರೂಪಾಯಿ ಕೈಬಿಟ್ಟಿತು.

ಮೂರನೆಯ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಸ್ಟಾರ್ಟರಿನ ಬೋಲ್ಟಿಗೂ ಬ್ಯಾಟರಿಗೂ ನಡುವೆ ದಪ್ಪ ಕೇಬಲ್ ನೇರವಾಗಿ ಇರುವುದರಿಂದ ಅಲ್ಲಿ ಕೊಟ್ಟದ್ದು ಬ್ಯಾಟರಿಗೆ ಕೊಟ್ಟಂತೆಯೇ ಎಂಬುದು ಮೊದಲಿನಿಂದಲೂ ನನ್ನ ತಲೆಯಲ್ಲಿತ್ತು. ಆ ಧೈರ್ಯದಲ್ಲಿ ಗೂಡ್ಸ್ ಗಾಡಿಯೊಂದರ ಬ್ಯಾಟರಿಯಿಂದ ಸಾಮಾನ್ಯ ಜಂಪ್ ಕೇಬಲ್ ಎಳೆದು ಕಾರಿನಡಿಗೆ ನುಗ್ಗಿದೆ. ಕ್ಲಿಪ್ಪು ಜಾರಿ ಎಂಜಿನ್ನಿನ ಅಡಿಯ ಚೌಕಟ್ಟಿಗೆ ತಗುಲಿದ ಕ್ಷಣದಲ್ಲೇ ಕಿಡಿ ಹಾರಿ, ಕೇಬಲ್ಲಿನ ಪ್ಲಾಸ್ಟಿಕ್ ಕರಗಿ, ನನ್ನ ಬಲ ಅಂಗೈ ಸುಟ್ಟು, ಗೂಡ್ಸ್ ಗಾಡಿಯ ಬ್ಯಾಟರಿಯ ಒಂದು ಕಂಬವೇ (ಟರ್ಮಿನಲ್) ಕರಗಿಹೋಯಿತು. ಹೊಸ ಬ್ಯಾಟರಿ, ಕೇಬಲ್, ಆಸ್ಪತ್ರೆ ಸೇರಿ 7,000ಕ್ಕಿಂತ ಕಡಿಮೆಯಾಗಲಿಲ್ಲ. ಎರಡು ತಿಂಗಳು ಆ ಯೋಚನೆಯ ತಂಟೆಗೇ ಹೋಗಲಿಲ್ಲ.

ಜಾಗದ ಆಯ್ಕೆ ಸರಿಯಾಗಿತ್ತು, ಕೊಟ್ಟ ರೀತಿ ತಪ್ಪಾಗಿತ್ತು ಎಂಬುದು ನಿಧಾನವಾಗಿ ಹೊಳೆಯಿತು. ಬಾಗಿಲು ತೆಗೆಯಲು ಎಂಜಿನ್ ಸ್ಟಾರ್ಟ್ ಮಾಡುವಷ್ಟು ಬಲ ಬೇಕಾಗಿಲ್ಲ, ಆದ್ದರಿಂದ ದೊಡ್ಡ ಬ್ಯಾಟರಿಯೂ ಬೇಕಾಗಿಲ್ಲ. ಈಗ ನನ್ನ ಬಳಿ ಇರುವುದು ಕಂಪ್ಯೂಟರಿನ ಯುಪಿಎಸ್‌ಗೆ ಹಾಕುವ 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ. ಅದರ ಪಾಸಿಟಿವ್ ಕಂಬದ ಬುಡದಲ್ಲೇ 20 ಆಂಪಿಯರ್ ಫ್ಯೂಸು, ಫ್ಯೂಸಿನ ನಂತರ ಸರಣಿಯಲ್ಲಿ 55 ವ್ಯಾಟಿನ ಹೆಡ್‌ಲೈಟ್ ಬಲ್ಬು, ಆ ಬಲ್ಬನ್ನು ದಾಟಿಸಿ ನೇರವಾಗಿ ಕರೆಂಟ್ ಬಿಡಲು ಒಂದು ಸ್ವಿಚ್ಚು. ಒಟ್ಟು ಖರ್ಚು 2,000 ರೂಪಾಯಿಯ ಆಸುಪಾಸು.

ಈ ಏರ್ಪಾಡಿನ ಜೀವ ಆ ಬಲ್ಬಿನಲ್ಲಿದೆ. ಕಾರಿನ ಬ್ಯಾಟರಿ ನಾಲ್ಕೈದು ವೋಲ್ಟಿಗೆ ಇಳಿದಿದ್ದರೆ ಅದು ನಮ್ಮ ಚಿಕ್ಕ ಬ್ಯಾಟರಿಯನ್ನು ಒಮ್ಮೆಗೇ ಹೀರಿಬಿಡುತ್ತದೆ, ಬಾಗಿಲಿನ ಮಾಡ್ಯೂಲಿಗೆ ಬೇಕಾದ ವೋಲ್ಟೇಜ್ ಉಳಿಯುವುದಿಲ್ಲ. ಬಲ್ಬು ನಡುವೆ ಇದ್ದರೆ ನಾಲ್ಕೈದು ಆಂಪಿಯರಿನ ಮೇಲೆ ಹರಿಯುವುದಿಲ್ಲ. ಮೊದಲು ಬಲ್ಬು ಚೆನ್ನಾಗಿ ಉರಿಯುತ್ತದೆ, ಕಾರಿನ ಬ್ಯಾಟರಿಯ ವೋಲ್ಟೇಜ್ ಏರುತ್ತ ಹೋದಂತೆ ಹಳದಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ತಂತಿಯಷ್ಟೇ ಕಾಣುವಂತೆ ಮಂಕಾಗುತ್ತದೆ. ಆಗ ಸ್ವಿಚ್ ಹಾಕಿ, ರಿಮೋಟಿನ ಬಟನ್ ಒಮ್ಮೆ ಒತ್ತಿದರೆ ಬಾಗಿಲು ಟಕ್ಕೆಂದು ಬಿಡುತ್ತದೆ. ಹತ್ತು ನಿಮಿಷವಾದರೂ ಬಲ್ಬಿನ ಬೆಳಕು ಇಳಿಯದಿದ್ದರೆ ಎಲ್ಲೋ ಅರ್ತ್ ಆಗಿದೆ ಅಥವಾ ಬ್ಯಾಟರಿಯ ಸೆಲ್ಲು ಶಾರ್ಟ್ ಆಗಿದೆ ಎಂದು ತಿಳಿದು ಕೈಬಿಡುತ್ತೇನೆ.

ಇದು ಎಲ್ಲರ ಎದುರು ನಡೆದದ್ದು ಮೈಸೂರಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಮಗ ಹೊರದೇಶದಲ್ಲಿ, ತಂದೆಗೆ ಡ್ರೈವಿಂಗ್ ಬಾರದು, ಕಾರು ಎರಡು ತಿಂಗಳಿನಿಂದ ಗೋಡೆಗೆ ಮೂತಿ ಇಟ್ಟು ನಿಂತಿತ್ತು. ಆಟೋಮ್ಯಾಟಿಕ್ ಗೇರು ಪಿ ಸ್ಥಾನದಲ್ಲಿ, ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕು ಬೇರೆ, ತಳ್ಳುವಂತಿಲ್ಲ. ಚಾವಣಿ ತಗ್ಗಾದ್ದರಿಂದ ಟೋಯಿಂಗ್ ಲಾರಿ ಒಳಗೆ ಬರುವಂತಿಲ್ಲ. ಮೊದಲು ಬಂದಿದ್ದ ಸಹಾಯವಾಣಿಯವರು ಗಾಜು ಒಡೆಯದೆ ಆಗದು ಎಂದು ಬರೆದುಕೊಟ್ಟು ಹೋಗಿದ್ದರು. ನನಗೆ ಕೆಲಸ ಕಲಿಸಿದ ಆ ಹಿರಿಯರನ್ನು ನಾನೇ ಕರೆದುಕೊಂಡು ಹೋಗಿದ್ದೆ.

ಅಡಿಯ ಪ್ಲಾಸ್ಟಿಕ್ ತಟ್ಟೆಯ ಆರು ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು, ರಬ್ಬರ್ ಟೋಪಿಯನ್ನು ಬೆರಳಿನಿಂದ ಸರಿಸಿದಾಗ ಸ್ಟಾರ್ಟರ್ ಬೋಲ್ಟಿನ 13 ಎಂಎಂ ನಟ್ಟು ಕಂಡಿತು. ನೆಗೆಟಿವ್ ಅನ್ನು ಮೊದಲು ಎಂಜಿನ್ನಿನ ಬ್ಲಾಕಿಗೆ ಕಟ್ಟಿ, ಆಮೇಲೆ ಪಾಸಿಟಿವ್ ಸಿಕ್ಕಿಸಿದೆ. ಬಲ್ಬು ಮಂಕಾಗಲು ಆರೇಳು ನಿಮಿಷ ಹಿಡಿಯಿತು. ಯಜಮಾನರ ಕೈಗೇ ರಿಮೋಟ್ ಕೊಟ್ಟು, "ಒತ್ತಿ ಸಾರ್" ಎಂದೆ. ಅಲಾರಂ ಒಮ್ಮೆ ಕೂಗಿ ನಿಂತಿತು, ನಾಲ್ಕೂ ಬಾಗಿಲು ತೆರೆದವು. ಹಿರಿಯರು ಕಾರಿನಡಿಗೆ ಬಗ್ಗಿ ಆ ಫ್ಯೂಸನ್ನು ಮುಟ್ಟಿ ನೋಡಿ, ಬಿಸಿಯೂ ಆಗಿಲ್ಲವೆಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಬೋಲ್ಟಿಗೆ ಸಿಕ್ಕಿಸುವ ಕೊಕ್ಕೆಯನ್ನು ಹೇಗೆ ಬಗ್ಗಿಸಿದ್ದೇನೆ, ಅದು ಜಾರದಂತೆ ಏನು ಸುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆರು ತಿಂಗಳು ಕೆಡಿಸಿ ಕೆಡಿಸಿ ಮಾಡಿಕೊಂಡದ್ದು ಅದು, ನನ್ನ ಹೊಟ್ಟೆಪಾಡು ಅದರಲ್ಲಿದೆ. ಆರ್‌ಸಿ, ರಿಮೋಟ್ ಎರಡೂ ಕಣ್ಣ ಮುಂದಿಲ್ಲದೆ ನಾನು ಯಾವ ಕಾರಿನಡಿಗೂ ಹೋಗುವುದಿಲ್ಲ. ಆ ಕೊಕ್ಕೆಯಿಂದ ಎಂಜಿನ್ ಸ್ಟಾರ್ಟ್ ಮಾಡಲು ಯಾರೂ ಹೋಗಬಾರದು. ಬಾಗಿಲು ತೆರೆದ ಮೇಲೆ ಬಾನೆಟ್ ಎತ್ತಿ ಎಂದಿನಂತೆ ಜಂಪ್ ಕೊಡುವುದೇ ಸರಿ. ನೆಗೆಟಿವ್ ಕಂಬದ ಮೇಲೆ ಸೆನ್ಸರ್ ಇರುವ ಕಾರುಗಳಲ್ಲಿ ಕ್ಲಿಪ್ಪನ್ನು ಕಂಬಕ್ಕಲ್ಲ, ಬಾಡಿಗೇ ಹಾಕಬೇಕು.

ಬಾಗಿಲು ತೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಕರೆಂಟ್ ಎಲ್ಲಿ ಸೋರುತ್ತಿದೆ ಎಂಬುದನ್ನು ಹಿಡಿಯದಿದ್ದರೆ ಮುಂದಿನ ತಿಂಗಳು ಅದೇ ಕಾರು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುವ ಹಳೆಯ ಕ್ರಮ ಕೀಲೆಸ್ ಕಾರಿನಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಕಿತ್ತು ಹಾಕಿದಾಗಲೆಲ್ಲ ಮಲಗಿದ್ದ ಮಾಡ್ಯೂಲುಗಳು ಎಚ್ಚರವಾಗುತ್ತವೆ. ಮೈಸೂರಿನ ಆ ಕಾರಿನಲ್ಲಿ ಬಾಗಿಲ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದಂತೆ ಮಾಡಿ, ರಿಮೋಟನ್ನು ದೂರ ಕಳುಹಿಸಿ, ಮುಕ್ಕಾಲು ಗಂಟೆ ಕಾದು, ಫ್ಯೂಸಿನ ನೆತ್ತಿಯ ಎರಡು ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆದೆ. ಎಲ್ಲವೂ ಸೊನ್ನೆ ತೋರಿಸುತ್ತಿದ್ದಾಗ ಒಂದು 10 ಆಂಪಿಯರ್ ಫ್ಯೂಸಿನಲ್ಲಿ ಎರಡು ಮಿಲಿವೋಲ್ಟಿನ ಹತ್ತಿರ ನಿಂತಿತು, ಅಂದರೆ ಸುಮಾರು 250 ಮಿಲಿ ಆಂಪಿಯರ್. ಡ್ಯಾಶ್‌ಕ್ಯಾಮಿನ ತಂತಿಯನ್ನು ಸದಾ ಕರೆಂಟ್ ಇರುವ ಫ್ಯೂಸಿಗೆ ಸಿಕ್ಕಿಸಿದ್ದರು. ದಿನಕ್ಕೆ ಆರು ಆಂಪಿಯರ್ ಅವರ್ ಹೋದರೆ 45 ಆಂಪಿಯರ್ ಅವರ್ ಬ್ಯಾಟರಿ ವಾರಕ್ಕೆಲ್ಲ ಖಾಲಿ. ಮಲಗಿದ ಕಾರು 50 ಮಿಲಿ ಆಂಪಿಯರ್ ದಾಟಬಾರದು ಎಂಬುದು ನನ್ನ ಗೆರೆ. ಎರಡು ಆಂಪಿಯರಿನಲ್ಲಿ ಒಂದೂವರೆ ದಿನ ಚಾರ್ಜಿಗೆ ಇಟ್ಟರೂ ಆ ಬ್ಯಾಟರಿ ಅರ್ಧ ಜೀವಕ್ಕಷ್ಟೇ ಬಂತು. ಹೊಸದಕ್ಕೆ 7,000ದ ಮೇಲಾಯಿತು.

ಚಿಕ್ಕ ಬ್ಯಾಟರಿಯ ಬದಲು ಏನೇನು ನಡೆಯುತ್ತದೆ ಎಂದು ಬಿಡುವಿನಲ್ಲಿ ನೋಡಿದ್ದೇನೆ. ಬೈಕಿನ 2.5 ಆಂಪಿಯರ್ ಅವರ್ ಬ್ಯಾಟರಿ ಎರಡು ಕಾರು ತೆಗೆದು ಮೂರನೆಯದಕ್ಕೆ ಸೋತಿತು. ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳ ಜೋಡಣೆ ಚೆನ್ನಾಗಿ ನಡೆಯುತ್ತದೆ, ಹಗುರವೂ ಹೌದು, ಬೆಲೆ ಮಾತ್ರ ಎರಡು ಪಟ್ಟು. ಡ್ರಿಲ್ ಯಂತ್ರದ 18 ವೋಲ್ಟಿನ ಬ್ಯಾಟರಿಯನ್ನು ಒಬ್ಬ ಹುಡುಗ ತಂದಿದ್ದ, ಅದನ್ನು ಮುಟ್ಟಲೂ ಬಿಡಲಿಲ್ಲ. ಮನೆಯ ಕಾರಿನ ಮೇಲೆ ಇನ್ನೊಂದು ಪರೀಕ್ಷೆ ಮಾಡಿದೆ: ರಿಮೋಟನ್ನು ಕಾರಿಗೆ ನಾಲ್ಕು ಅಡಿ ದೂರದ ಕಿಟಕಿಯ ಮೊಳೆಗೆ ತೂಗುಹಾಕಿ, ನೀರು ಬಿದ್ದರೂ ಕೈ ಮುಟ್ಟಿತೆಂದು ಕಾರು ಎಚ್ಚರವಾಗುತ್ತದೆಯೇ ಎಂದು ನೋಡಲು ಹ್ಯಾಂಡಲ್ಲಿನ ಮೇಲೆ ನೀರು ಸುರಿದೆ. ಮಲಗಿದ್ದಾಗ 30 ಮಿಲಿ ಆಂಪಿಯರ್ ಇದ್ದದ್ದು ಪ್ರತಿ ಬಾರಿಯೂ ಹಲವು ಆಂಪಿಯರಿಗೆ ಏರಿ, ಮತ್ತೆ ಇಳಿಯಲು ಹತ್ತು ನಿಮಿಷದ ಮೇಲೆ ಹಿಡಿಯಿತು. ಆ ಮೊಳೆಯನ್ನು ಅಂದೇ ಕಿತ್ತು ಅಡುಗೆಮನೆಯ ಕಡೆಗೆ ಹೊಡೆದೆ.

ಮಂಡ್ಯದೊಳಗೆ 1,500, ಮೈಸೂರಿಗೆ ಹೋದರೆ 2,500 ತೆಗೆದುಕೊಳ್ಳುತ್ತೇನೆ. ಸೋರಿಕೆ ಹುಡುಕುವುದಕ್ಕೆ ಬೇರೆ ಕೂಲಿ, ಅದು ಅರ್ಧ ದಿನದ ಕೆಲಸ. ಸ್ಟಾರ್ಟರ್ ಕೈಗೆ ಸಿಗದ ಮೂರು ನಾಲ್ಕು ಎಂಜಿನ್ನುಗಳಲ್ಲಿ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬಿ ಪ್ಲಸ್ ಎಂಬ ಪಾಸಿಟಿವ್ ಬೋಲ್ಟಿನಿಂದ ಕೊಟ್ಟು ಗೆದ್ದಿದ್ದೇನೆ. ಎಂಜಿನ್ನಿನ ಜೊತೆ ದೊಡ್ಡ ಎಲೆಕ್ಟ್ರಿಕ್ ಮೋಟಾರಿನಿಂದಲೂ ಓಡುವ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ಕಥೆ ಬೇರೆ. ನಾನು ನೋಡಿದವುಗಳಲ್ಲಿ ಸ್ಟಾರ್ಟರೂ ಇಲ್ಲ, ಆಲ್ಟರ್ನೇಟರೂ ಇಲ್ಲ, ಅಡಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ಲಿಗೆ ಕೈ ಹಾಕುವಂತೆಯೂ ಇಲ್ಲ. ಕಳೆದ ತಿಂಗಳು ಅಂಥದ್ದೊಂದು ಬಂದಾಗ ಅಡಿಗೆ ಹೋಗದೆ, ಗ್ರಾಫೈಟ್ ಪುಡಿ ಊದಿ ಊದಿ, ಕೀಲಿಯನ್ನು ಎರಡು ಬೆರಳಿನಲ್ಲಿ ಹಿಡಿದು ಒಂದು ಗಂಟೆ ಹತ್ತು ನಿಮಿಷ ಆಡಿಸಿ ಸಿಲಿಂಡರನ್ನೇ ಬಿಡಿಸಿದೆ.