ಝೂಮ್ ಮೀಟಿಂಗಿನಲ್ಲಿ ಸನ್ನೆ ಕಾಣುವ ಹಾಗೆ

ಝೂಮ್ ಪರದೆ ದನಿ ಬಂದ ಕಡೆಗೆ ತಿರುಗುತ್ತದೆ; ಸನ್ನೆಗೆ ದನಿಯಿಲ್ಲ. ಹಾಗಾಗಿ ಕಿವುಡರು ಸನ್ನೆಯಲ್ಲಿ ಮಾತಾಡುವಾಗ ಅವರ ಚೌಕ ತಾನಾಗಿ ದೊಡ್ಡದಾಗುವುದಿಲ್ಲ. ಹೋಸ್ಟ್ ಆದವರು ಅವರ ವಿಡಿಯೋ ಮೇಲಿನ ಮೂರು ಚುಕ್ಕಿ ಒತ್ತಿ ‘ಸ್ಪಾಟ್‌ಲೈಟ್’ ಮಾಡಬೇಕು (ಆಗ ಎಲ್ಲರ ಪರದೆಯಲ್ಲೂ ಆ ಚೌಕ ದೊಡ್ಡದಾಗುತ್ತದೆ), ಸನ್ನೆಯನ್ನು ಮಾತಿಗೆ, ಮಾತನ್ನು ಸನ್ನೆಗೆ ತರುವ ಇಂಟರ್‌ಪ್ರಿಟರನ್ನೂ ಜೊತೆಗೆ ಸೇರಿಸಬೇಕು. ಕನಿಷ್ಠ 3 ಜನರ ಕ್ಯಾಮೆರಾ ಆನ್ ಇರದಿದ್ದರೆ ಆ ಆಯ್ಕೆ ಸಿಗದು.

ಸನ್ನೆ ಮಾಡುವವರು ಕ್ಯಾಮೆರಾದಲ್ಲಿ ಹೀಗೆ ಕಾಣಬೇಕು: ತಲೆಯ ಮೇಲೆ ಒಂದಿಷ್ಟು ಜಾಗ, ಕೆಳಗೆ ಸೊಂಟದವರೆಗೆ, ಮೊಣಕೈಗಳೂ ಚೌಕದೊಳಗೆ. ಬೆಳಕು ಮುಂದಿನಿಂದ ಬರಲಿ. ಬೆನ್ನ ಹಿಂದೆ ಕಿಟಕಿಯಿದ್ದರೆ ಮುಖ ಕಪ್ಪಾಗಿ, ಹುಬ್ಬು-ತುಟಿಗಳಲ್ಲಿರುವ ಸನ್ನೆ ಭಾಷೆಯ ವ್ಯಾಕರಣವೇ ಮಾಯ. ಹಿನ್ನೆಲೆ ಬ್ಲರ್ ಬೇಡವೇ ಬೇಡ, ಬೀಸುವ ಬೆರಳುಗಳನ್ನು ಅದು ನುಂಗಿಬಿಡುತ್ತದೆ.

ಸಭೆ ಗಂಟೆ ಮೀರುವುದಾದರೆ ಇಬ್ಬರು ಇಂಟರ್‌ಪ್ರಿಟರ್ ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಬದಲಿ. ಆಗ ಸ್ಪಾಟ್‌ಲೈಟನ್ನೂ ಬದಲಿಸಿ; ಎಲ್ಲರೂ ಮರೆಯುವುದು ಇಲ್ಲೇ. ಹೊಸ ಸ್ಲೈಡ್ ಹಾಕಿದಾಗ 10 ಸೆಕೆಂಡು ಸುಮ್ಮನಿದ್ದು, ಕಿವುಡರು ಅದನ್ನು ಓದಿ ಮುಗಿಸಿದ ಮೇಲೆ ಮಾತು ಶುರು ಮಾಡಿ.