ಸಿಗರೇಟು ಬಿಟ್ಟ ಮೊದಲ ವಾರಗಳು: ಸೇದಬೇಕು ಅನ್ನಿಸಿದಾಗ ಏನು ಮಾಡಬೇಕು

ಸಿಗರೇಟು ಬಿಡುತ್ತೇನೆ ಅಂದವರಿಗೆ ಎಲ್ಲರೂ ಹೇಳುವ ಮಾತು ಒಂದೇ. "ಮನಸ್ಸು ಗಟ್ಟಿ ಮಾಡ್ಕೋ." ಬರೀ ಇದರಿಂದ ಯಾರಿಗಾದರೂ ಜಾಸ್ತಿ ಉಪಯೋಗ ಆಗಿದ್ದನ್ನು ನಾನು ನೋಡಿಲ್ಲ. ಸೇದಬೇಕು ಅನ್ನುವ ಆಸೆ ಇಪ್ಪತ್ನಾಲ್ಕು ಗಂಟೆಯೂ ಒಂದೇ ಸಮ ಕಾಡುವುದಿಲ್ಲ. ಅದಕ್ಕೆ ಅಂತ ಹೊತ್ತಿದೆ, ಜಾಗ ಇದೆ, ಜೊತೆಗಾರರಿದ್ದಾರೆ. ಬೆಳಗಿನ ಕಾಫಿ, ಊಟ ಮುಗಿದ ಮೇಲಿನ ಹತ್ತು ನಿಮಿಷ, ಆಫೀಸಿನ ಕೆಳಗಿನ ಟೀ ಅಂಗಡಿ, ಬಾಸ್ ಹತ್ತಿರ ಬೈಸಿಕೊಂಡು ಹೊರಗೆ ಬಂದ ಕ್ಷಣ. ಈ ಹೊತ್ತುಗಳನ್ನು ಮೊದಲೇ ಗುರುತು ಮಾಡಿ, ಆಗ ಏನು ಮಾಡುವುದು ಅಂತ ಮುಂಚೆಯೇ ತೀರ್ಮಾನ ಮಾಡಿಟ್ಟುಕೊಂಡರೆ ಮನಸ್ಸಿನ ಮೇಲೆ ಬೀಳುವ ಭಾರ ಅರ್ಧ ಕಡಿಮೆಯಾಗುತ್ತದೆ. ನಾನು ಬಿಟ್ಟಾಗಲೂ ನನ್ನ ಕೈ ಹಿಡಿದಿದ್ದು ಇದೇ.

ಮೊದಲು ಒಳಗೆ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ. ಒಂದು ದಮ್ ಎಳೆದರೆ ನಿಕೋಟಿನ್ ಹತ್ತು ಸೆಕೆಂಡು, ಹೆಚ್ಚೆಂದರೆ ಇಪ್ಪತ್ತು ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಮೆದುಳು ಮತ್ತೆ ಕೇಳುತ್ತದೆ. ಪೂರ್ತಿ ನಿಲ್ಲಿಸಿದಾಗ ಚಡಪಡಿಕೆ, ಸಿಟ್ಟು, ನಿದ್ದೆ ಕೆಡುವುದು, ಯಾವುದರಲ್ಲೂ ಗಮನ ನಿಲ್ಲದೇ ಇರುವುದು, ಹಸಿವು, ಎಲ್ಲಾ ಒಟ್ಟಿಗೆ ಬರುತ್ತವೆ. ಮೊದಲ ಎರಡು ಮೂರು ದಿನ ಜೋರಾಗಿರುತ್ತದೆ. ಒಂದು ವಾರದ ನಂತರ ಇಳಿಯುತ್ತಾ ಹೋಗಿ, ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರದಲ್ಲಿ ದೇಹದ ಕಾಟ ಬಹುಮಟ್ಟಿಗೆ ಮುಗಿಯುತ್ತದೆ. ಆಮೇಲೆ ಉಳಿಯುವುದು ಅಭ್ಯಾಸದ ಕಾಟ. ಒಂದೊಂದು ಸಲ ಬರುವ ಆಸೆಯೂ ಅಷ್ಟೇ, ಜೋರಾಗಿ ಏರಿ, ಸಾಮಾನ್ಯವಾಗಿ ಐದು ನಿಮಿಷದೊಳಗೆ ಇಳಿಯುತ್ತದೆ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಯಾಕೆಂದರೆ ಆ ಹೊತ್ತಿನಲ್ಲಿ ಇದು ಮುಗಿಯುವುದೇ ಇಲ್ಲ ಅನ್ನಿಸುತ್ತದೆ.

ಬಿಡುವ ದಿನಕ್ಕೆ ಮುಂಚೆ

ಎರಡು ಮೂರು ದಿನ ಎಂದಿನಂತೆ ಸೇದಿ, ಆದರೆ ಪ್ರತಿ ಸಲವೂ ಫೋನಿನಲ್ಲಿ ಒಂದು ಸಾಲು ಬರೆದಿಡಿ. ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಆಗ ಏನು ಮಾಡುತ್ತಿದ್ದಿರಿ. ಅಷ್ಟು ಸಾಕು. ಓದಿ ನೋಡಿದರೆ ಗೊತ್ತಾಗುತ್ತದೆ, ನಿಜವಾಗಿ ಬೇಕಾಗಿ ಸೇದಿದ್ದು ಕೆಲವೇ, ಮಿಕ್ಕಿದ್ದೆಲ್ಲಾ ಆ ಜಾಗಕ್ಕೆ ಹೋದೆವು ಅನ್ನುವ ಕಾರಣಕ್ಕೆ ಸೇದಿದ್ದು. ಈ ಪಟ್ಟಿ ಒಬ್ಬೊಬ್ಬರದು ಒಂದೊಂದು ಥರ. ರಾತ್ರಿ ಪಾಳಿ ಮಾಡುವ ಕ್ಯಾಬ್ ಡ್ರೈವರ್‌ಗೆ ನಿದ್ದೆ ತಡೆಯಲು ಬೇಕು, ಹಾಸ್ಟೆಲ್ ಹುಡುಗನಿಗೆ ಟೆರೇಸ್ ಮೇಲೆ ಗೆಳೆಯರು ಸೇರಿದಾಗ ಬೇಕು, ತೋಟದಲ್ಲಿ ಕೆಲಸ ಮಾಡುವವರಿಗೆ ಸುಸ್ತಾಗಿ ನೆರಳಿಗೆ ಕೂತಾಗ ಬೀಡಿ ಬೇಕು. ಹಾಗಾಗಿ ಬೇರೆಯವರ ಉಪಾಯವನ್ನು ಹಾಗೇ ತಂದು ಹಾಕಿಕೊಂಡರೆ ಸರಿಹೋಗುವುದಿಲ್ಲ.

ಬಿಡುವ ಹಿಂದಿನ ರಾತ್ರಿ ಮನೆ, ಬ್ಯಾಗು, ಬೈಕಿನ ಡಿಕ್ಕಿ, ಹಳೇ ಜಾಕೆಟ್ಟಿನ ಜೇಬು ಎಲ್ಲಾ ತಡಕಿ. ಪ್ಯಾಕು, ಲೈಟರ್, ಬೂದಿ ಬಟ್ಟಲು ಹೊರಗೆ ಹೋಗಲಿ. "ಎಮರ್ಜೆನ್ಸಿಗೆ ಒಂದು ಇರಲಿ" ಅಂತ ಇಟ್ಟುಕೊಂಡರೆ ಆ ಎಮರ್ಜೆನ್ಸಿ ಎರಡನೇ ದಿನವೇ ಬರುತ್ತದೆ. ಹೊಗೆ ವಾಸನೆ ಹಿಡಿದ ಬಟ್ಟೆ, ಹೊದಿಕೆ ಒಗೆದು ಹಾಕಿ. ವಾಸನೆ ಮೂಗಿಗೆ ಬಿದ್ದರೆ ಸಾಕು, ನೆನಪು ತಾನಾಗಿ ಎದ್ದು ಬರುತ್ತದೆ.

ಬೆಳಗಿನ ಹೊತ್ತು

ದಿನದ ಮೊದಲ ಸಿಗರೇಟು ಬಹಳ ಜನರಿಗೆ ತುಂಬಾ ಕಷ್ಟದ್ದು. ರಾತ್ರಿಯಿಡೀ ನಿಕೋಟಿನ್ ಸಿಕ್ಕಿರುವುದಿಲ್ಲ, ದೇಹ ಎದ್ದ ತಕ್ಷಣ ಕೇಳುತ್ತದೆ. ಜೊತೆಗೆ "ಸೇದದಿದ್ದರೆ ಟಾಯ್ಲೆಟ್ಟಿಗೆ ಆಗಲ್ಲ" ಅನ್ನುವ ಹೆದರಿಕೆ. ಇದನ್ನು ಹೇಳಿಕೊಳ್ಳಲು ಎಷ್ಟೋ ಜನ ಮುಜುಗರ ಪಡುತ್ತಾರೆ, ಪಡಬೇಕಾಗಿಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುವುದು ನಿಜ, ಬಿಟ್ಟ ಮೇಲೆ ಸ್ವಲ್ಪ ದಿನ ಮಲಬದ್ಧತೆ ಆಗುವುದೂ ನಿಜ. ಎದ್ದ ಕೂಡಲೇ ಎರಡು ಲೋಟ ಬೆಚ್ಚಗಿನ ನೀರು, ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ, ಪಪ್ಪಾಯಿ, ಊಟಕ್ಕೆ ಸೊಪ್ಪಿನ ಪಲ್ಯ, ಜೊತೆಗೆ ಒಂದಿಷ್ಟು ನಡಿಗೆ. ಕೆಲವು ವಾರದಲ್ಲಿ ಹೊಟ್ಟೆ ತನ್ನ ದಾರಿಗೆ ಬರುತ್ತದೆ.

ಬೆಳಗಿನ ಕ್ರಮವನ್ನೇ ಅದಲು ಬದಲು ಮಾಡಿ. ಮೊದಲು ಕಾಫಿ, ಆಮೇಲೆ ಸ್ನಾನ ಅಂತಿದ್ದರೆ, ಮೊದಲು ಸ್ನಾನ ಮುಗಿಸಿ. ಬಾಲ್ಕನಿಯಲ್ಲಿ ನಿಂತು ಕುಡಿಯುತ್ತಿದ್ದ ಕಾಫಿಯನ್ನು ಅಡುಗೆಮನೆಯಲ್ಲಿ ಮನೆಯವರ ಜೊತೆ ಕೂತು ಕುಡಿಯಿರಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಿಗರೇಟಿನ ಹೊಗೆ ಕಾಫಿಯ ಕೆಫೀನ್ ದೇಹದಿಂದ ಬೇಗ ಖಾಲಿಯಾಗುವಂತೆ ಮಾಡುತ್ತದೆ. ಸೇದುವುದು ನಿಲ್ಲಿಸಿದ ಮೇಲೆ ಅದೇ ಎರಡು ಲೋಟ ಕಾಫಿಯ ಕೆಫೀನ್ ಹೆಚ್ಚು ಹೊತ್ತು ಒಳಗೇ ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ, ಇದೆಲ್ಲಾ ಸಿಗರೇಟು ಬಿಟ್ಟಿದ್ದಕ್ಕೇ ಅಂದುಕೊಂಡು ಹೆದರುವವರಿದ್ದಾರೆ. ಅದರಲ್ಲಿ ಒಂದು ಪಾಲು ಕಾಫಿಯದು. ಕಾಫಿ ಟೀ ಎರಡನ್ನೂ ಸುಮಾರು ಅರ್ಧಕ್ಕೆ ಇಳಿಸಿ ನೋಡಿ.

ಟೀ ಅಂಗಡಿ

ನಮ್ಮ ಕಡೆ ಸಿಗರೇಟು ಬಿಟ್ಟವರು ಮತ್ತೆ ಶುರು ಮಾಡುವುದು ಬಹಳಷ್ಟು ಸಲ ಇಲ್ಲೇ. ಮನೆಯಲ್ಲಿ ಪ್ಯಾಕು ಇಟ್ಟುಕೊಳ್ಳದವರಿಗೂ ಅಂಗಡಿಯಲ್ಲಿ ಒಂದೊಂದೇ ಬಿಡಿ ಸಿಗರೇಟು ಸಿಗುತ್ತದೆ. ಬಿಡಿಯಾಗಿ ಮಾರಬಾರದು ಅಂತ ಕರ್ನಾಟಕ ಸರ್ಕಾರ 2017ರಲ್ಲೇ ಆದೇಶ ಮಾಡಿದೆ, ಆದರೂ ಮಾರುತ್ತಾರೆ, ಅಂಗಡಿಯ ಕಂಬಕ್ಕೆ ಲೈಟರ್ ಕೂಡ ತೂಗು ಹಾಕಿರುತ್ತಾರೆ. ನಿಮ್ಮ ಮುಖ ಕಂಡ ಕೂಡಲೇ ಅಂಗಡಿಯವರು ಕೇಳದೆಯೇ ನಿಮ್ಮ ಬ್ರಾಂಡು ತೆಗೆದು ಕೊಡುತ್ತಾರೆ. ಅಲ್ಲಿ ಹೋಗಿ ನಿಂತು "ನನಗೆ ಬೇಡ" ಅನ್ನುವುದಕ್ಕೆ ಮೊದಲ ವಾರ ಯಾರಿಗೂ ಶಕ್ತಿ ಇರುವುದಿಲ್ಲ. ಅದಕ್ಕೇ ನನ್ನ ಸಲಹೆ ನೇರವಾದದ್ದು. ಮೊದಲ ಎರಡು ಮೂರು ವಾರ ಆ ಅಂಗಡಿಗೆ ಹೋಗಲೇಬೇಡಿ. ಟೀ ಬೇಕಾದರೆ ಸಿಗರೇಟು ಮಾರದ ದರ್ಶಿನಿಗೆ ಹೋಗಿ, ಆಫೀಸಿನ ಮೆಷಿನ್ ಟೀ ಕುಡಿಯಿರಿ, ಇಲ್ಲವೇ ಮನೆಯಿಂದ ಫ್ಲಾಸ್ಕಿನಲ್ಲಿ ತನ್ನಿ. ಆ ದಾರಿಯಲ್ಲೇ ಬಸ್ ಸ್ಟಾಪಿಗೆ ಹೋಗಬೇಕು ಅಂದರೆ ರಸ್ತೆಯ ಆಚೆ ಬದಿಯಲ್ಲಿ ನಡೆಯಿರಿ.

ಆದರೆ ಅಲ್ಲಿ ಹೋಗುತ್ತಿದ್ದದ್ದು ಸಿಗರೇಟಿಗೆ ಮಾತ್ರ ಅಲ್ಲ ಅಲ್ವಾ. ಗೆಳೆಯರು, ಹರಟೆ, ಆಫೀಸಿನ ಒಳ ಸುದ್ದಿ, ಹತ್ತು ನಿಮಿಷದ ಬಿಡುವು ಎಲ್ಲಾ ಅಲ್ಲೇ ಇತ್ತು. ಸಿಗರೇಟಿನ ಜೊತೆ ಇದನ್ನೂ ಕಳೆದುಕೊಂಡರೆ ಒಂಟಿ ಅನ್ನಿಸುತ್ತದೆ, ಆ ಒಂಟಿತನವೇ ಮತ್ತೆ ಅಲ್ಲಿಗೆ ಎಳೆಯುತ್ತದೆ. ಹಾಗಾಗಿ ಬಿಡುವನ್ನು ಬಿಡಬೇಡಿ. ಅದೇ ಹೊತ್ತಿಗೆ ಎದ್ದು ಹೊರಗೆ ಹೋಗಿ, ಸೇದದ ಒಬ್ಬರನ್ನು ಕರೆದುಕೊಂಡು ಕಟ್ಟಡಕ್ಕೆ ಒಂದು ಸುತ್ತು ಹಾಕಿ. ಗುಂಪಿನಲ್ಲಿ ನಿಮಗೆ ಹತ್ತಿರವಾದ ಒಬ್ಬನಿಗೆ ಮೊದಲೇ ಹೇಳಿಡಿ: "ಮಗಾ, ನಾನು ಬಿಟ್ಟಿದ್ದೀನಿ. ಕೇಳಿದ್ರೂ ಕೊಡ್ಬೇಡ, ಕಾಲಿಗೆ ಬಿದ್ರೂ ಕೊಡ್ಬೇಡ." ಒಳ್ಳೆಯ ಗೆಳೆಯ ಇದನ್ನು ನಡೆಸಿಕೊಡುತ್ತಾನೆ. "ಒಂದ್ ದಮ್ ಎಳಿ, ಏನಾಗಲ್ಲ" ಅನ್ನುವವರೂ ಇರುತ್ತಾರೆ. ಅವರಿಗೆ ಉದ್ದ ವಿವರಣೆ ಕೊಡಲು ಹೋಗಬೇಡಿ, ವಾದ ಶುರುವಾದರೆ ಸೋಲುವುದು ನೀವೇ. "ಬೇಡ, ಬಿಟ್ಟಿದ್ದೀನಿ" ಅಂದು ಮಾತು ಬದಲಿಸಿ. "ಕಡಿಮೆ ಮಾಡ್ತಿದ್ದೀನಿ" ಅನ್ನಬೇಡಿ, ಅದು ಬಾಗಿಲು ತೆರೆದಿಟ್ಟ ಹಾಗೆ. ಬೇರೆಯವರ ಸಿಗರೇಟನ್ನು "ಒಂದು ನಿಮಿಷ ಹಿಡ್ಕೋ" ಅಂದರೂ ಹಿಡಿಯಬೇಡಿ.

ಆಸೆ ಎದ್ದೇ ಬಿಟ್ಟರೆ

ಎಷ್ಟು ತಪ್ಪಿಸಿಕೊಂಡರೂ ಅದು ಬರುತ್ತದೆ. ಬಂದಾಗ ಮೊದಲು ಗಡಿಯಾರ ನೋಡಿ, ಹತ್ತು ನಿಮಿಷ ಮುಂದಕ್ಕೆ ಹಾಕಿ. ಜೀವನಪೂರ್ತಿ ಸೇದಲ್ಲ ಅನ್ನುವ ಯೋಚನೆಯೇ ಆಗ ಬೇಡ, ಅದು ಭಯ ಹುಟ್ಟಿಸುತ್ತದೆ. ಈ ಹತ್ತು ನಿಮಿಷ ಮಾತ್ರ. ನಿಂತಿದ್ದರೆ ನಡೆಯಿರಿ, ಕೂತಿದ್ದರೆ ಎದ್ದು ಬೇರೆ ರೂಮಿಗೆ ಹೋಗಿ. ಒಂದು ಲೋಟ ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಆಳವಾಗಿ ಉಸಿರು ಎಳೆದು, ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡಿ, ಹೀಗೆ ಹತ್ತು ಸಲ. ಸೇದುವಾಗಲೂ ನೀವು ಮಾಡುತ್ತಿದ್ದದ್ದು ಉದ್ದ ಉಸಿರು ಎಳೆದು ಬಿಡುವುದನ್ನೇ, ಆಗ ಸಿಕ್ಕುತ್ತಿದ್ದ ನೆಮ್ಮದಿಯಲ್ಲಿ ಉಸಿರಿನ ಪಾಲೂ ಇತ್ತು.

ಬಾಯಿಗೆ ಮತ್ತು ಕೈಗೆ ಏನಾದರೂ ಕೊಡಬೇಕು. ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ ಇರಲಿ, ಅದರಲ್ಲಿ ಏಲಕ್ಕಿ, ಲವಂಗ, ಸೋಂಪು, ಚಕ್ಕೆಯ ಚೂರು. ಮನೆಯಲ್ಲಿದ್ದರೆ ಸೌತೆಕಾಯಿ, ಕ್ಯಾರೆಟ್, ಉಪ್ಪು ಹಚ್ಚಿದ ನೆಲ್ಲಿಕಾಯಿ, ಹುರಿದ ಕಡಲೆ. ಕಡಲೆಕಾಯಿ ಬಿಡಿಸುತ್ತಾ ಕೂರುವುದು ಇನ್ನೂ ಒಳ್ಳೆಯದು, ಎರಡೂ ಕೈಗೆ ಕೆಲಸ ಸಿಗುತ್ತದೆ. ಊಟವಾದ ಕೂಡಲೇ ಎಲೆಯ ಮುಂದಿನಿಂದ ಎದ್ದು ಹಲ್ಲುಜ್ಜಿ. ಪೇಸ್ಟಿನ ರುಚಿ ಬಾಯಲ್ಲಿದ್ದಾಗ ಸೇದಬೇಕು ಅನ್ನಿಸುವುದು ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಸಿಗರೇಟು ಬಿಟ್ಟು ಗುಟ್ಕಾ, ಹೊಗೆಸೊಪ್ಪು, ಎಲೆ ಅಡಿಕೆ ಶುರು ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜಗಿಯುವ ತಂಬಾಕಿನಲ್ಲೂ ನಿಕೋಟಿನ್ ಇದೆ, ಬಾಯಿ ಕ್ಯಾನ್ಸರ್ ಬರುತ್ತದೆ. ತಂಬಾಕು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹೇಳಲು ಕಷ್ಟ, ಆದರೆ ಹೇಳಲೇಬೇಕು. ಇ-ಸಿಗರೇಟಿನ ಕಡೆಗೂ ಹೋಗಬೇಡಿ, ಅದರ ಮಾರಾಟಕ್ಕೆ ದೇಶದಲ್ಲಿ 2019ರಿಂದ ನಿಷೇಧ ಇದೆ.

ಕುಡಿಯುವ ಅಭ್ಯಾಸ ಇದ್ದರೆ ಮೊದಲ ಒಂದು ತಿಂಗಳು ಎಣ್ಣೆ ಪಾರ್ಟಿಯಿಂದ ದೂರ ಇರಿ. ಎರಡು ಪೆಗ್ ಒಳಗೆ ಹೋದ ಮೇಲೆ ಬೆಳಗ್ಗೆ ಮಾಡಿದ ತೀರ್ಮಾನ ನೆನಪಿಗೇ ಬರುವುದಿಲ್ಲ. ಮದುವೆಯ ಹಿಂದಿನ ರಾತ್ರಿ, ಗೋವಾ ಟ್ರಿಪ್ ಇಂಥವು ಮುಂದಿದ್ದರೆ ಬಿಡುವ ದಿನವನ್ನು ಅದು ಮುಗಿದ ಮೇಲಕ್ಕೆ ಇಟ್ಟುಕೊಳ್ಳುವುದೇ ವಾಸಿ. ಆದರೆ ಹೀಗೆ ಒಂದೇ ಸಲ ಮುಂದೂಡಿ.

ಗಮ್ ಮತ್ತು ಔಷಧಿ

ನಿಕೋಟಿನ್ ಗಮ್ ಬಳಸುವುದನ್ನು ಸೋಲು ಅಂದುಕೊಳ್ಳಬೇಡಿ. 2 ಮಿಲಿಗ್ರಾಂ ಗಮ್ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಜಾಸ್ತಿ ಸೇದುವವರಿಗೆ, ಅದರಲ್ಲೂ ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕು ಅನ್ನುವವರಿಗೆ 4 ಮಿಲಿಗ್ರಾಂ ಬೇಕಾಗಬಹುದು, ಅದನ್ನು ಡಾಕ್ಟರ್ ಹತ್ತಿರ ಕೇಳಿ ತೆಗೆದುಕೊಳ್ಳಿ. ಗಮ್‌ನಿಂದ ಏನೂ ಆಗಲಿಲ್ಲ ಅನ್ನುವ ಎಷ್ಟೋ ಜನ ಅದನ್ನು ಚೂಯಿಂಗ್ ಗಮ್ ಥರ ಅಗಿದಿರುತ್ತಾರೆ. ಹಾಗೆ ಅಗಿದರೆ ರಸವೆಲ್ಲಾ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ನಿಧಾನವಾಗಿ ಅಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಗುಟ್ಟುವುದು ನಿಂತಾಗ ಮತ್ತೆ ಸ್ವಲ್ಪ ಅಗಿದು ಜಾಗ ಬದಲಿಸಿ. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ, ಜ್ಯೂಸ್ ಏನೂ ಕುಡಿಯಬೇಡಿ, ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ಡಾಕ್ಟರ್ ಹತ್ತಿರ ಕೇಳಬೇಕು. ಮಾನಸಿಕ ಕಾಯಿಲೆಗೆ, ಸಕ್ಕರೆ ಕಾಯಿಲೆಗೆ, ಉಬ್ಬಸಕ್ಕೆ ಔಷಧಿ ತಗೊಳ್ಳುವವರು ಸಿಗರೇಟು ಬಿಟ್ಟ ವಿಷಯವನ್ನು ಡಾಕ್ಟರಿಗೆ ತಿಳಿಸಿ, ಕೆಲವು ಔಷಧಿಗಳ ಪ್ರಮಾಣ ಬದಲಿಸಬೇಕಾಗುತ್ತದೆ.

ಕೆಮ್ಮು ಮೊದಲಿಗಿಂತ ಹೆಚ್ಚಾಯಿತು ಅಂತ ಕೆಲವರು ಹೆದರುತ್ತಾರೆ. ಶ್ವಾಸಕೋಶ ಒಳಗಿನ ಕಫ ಹೊರಗೆ ಹಾಕಲು ಶುರು ಮಾಡಿದಾಗ ಹೀಗಾಗುವುದುಂಟು. ಕೆಲವು ವಾರದ ನಂತರವೂ ನಿಲ್ಲದಿದ್ದರೆ ಅಥವಾ ರಕ್ತ ಕಂಡರೆ ತೋರಿಸಿಕೊಳ್ಳಿ. ಮನಸ್ಸು ತೀರಾ ಕುಗ್ಗಿ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ.

ಒಂದು ಸೇದಿಬಿಟ್ಟರೆ

ಮುಗಿಯಿತು, ಎಲ್ಲಾ ಹಾಳಾಯಿತು ಅಂತ ಪೂರ್ತಿ ಪ್ಯಾಕು ಕೊಳ್ಳುವುದು ಬೇಡ. ಕೈಯಲ್ಲಿರುವುದನ್ನು ಅರ್ಧಕ್ಕೇ ಎಸೆಯಿರಿ, ಬಾಯಿ ತೊಳೆದುಕೊಳ್ಳಿ, ಆ ಹೊತ್ತು ಯಾವುದು ಅಂತ ಪಟ್ಟಿಯಲ್ಲಿ ಬರೆದುಕೊಂಡು ಆ ಕ್ಷಣದಿಂದಲೇ ಮುಂದುವರಿಸಿ. "ಸೋಮವಾರದಿಂದ ಮತ್ತೆ" ಬೇಡ. ಹಾಗಂತ "ಒಂದೇ ಅಲ್ವಾ" ಅನ್ನುವುದಕ್ಕೂ ಜಾಗ ಕೊಡಬೇಡಿ, ಒಂದು ಸೇದಿದವರಿಗೆ ಮರುದಿನದ ಆಸೆ ಇನ್ನೂ ಜೋರಾಗಿರುತ್ತದೆ.

ಮನೆಯವರಿಗೂ ಒಂದು ಮಾತು. ಮೊದಲ ವಾರ ಸಿಗರೇಟು ಬಿಟ್ಟವರು ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜೇಬು ಹುಡುಕುವುದು, ಬಾಯಿ ಮೂಸಿ ನೋಡುವುದು ಮಾಡಬೇಡಿ. ಊಟವಾದ ಮೇಲೆ "ಬನ್ನಿ, ಒಂದು ಸುತ್ತು ಹೋಗಿ ಬರೋಣ" ಅನ್ನಿ, ಅದು ನಿಜವಾದ ಸಹಾಯ.

ಒಬ್ಬರೇ ಒದ್ದಾಡುವ ಅಗತ್ಯವೂ ಇಲ್ಲ. ಸರ್ಕಾರದ ತಂಬಾಕು ಕ್ವಿಟ್‌ಲೈನ್ ನಂಬರ್ 1800-11-2356, ಕರೆಗೆ ಕಾಸಿಲ್ಲ, ಸಿಗರೇಟು ಪ್ಯಾಕಿನ ಮೇಲೂ ಇದನ್ನು ಅಚ್ಚು ಹಾಕಿರುತ್ತಾರೆ. ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಕ್ಷಿಣದ ಭಾಷೆಗಳಿಗಾಗಿ ಇದರ ಕೇಂದ್ರ ಇದೆ. ಬಿಡುವ ದಿನ ಗೊತ್ತು ಮಾಡುವುದರಿಂದ ಹಿಡಿದು ಎಲ್ಲಕ್ಕೂ ಜೊತೆಗಿರುತ್ತಾರೆ, ಆಮೇಲೆ ಅವರೇ ಮತ್ತೆ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುತ್ತಾರೆ. ಮೊದಲ ಕರೆಯನ್ನು ಬಿಡುವ ದಿನಕ್ಕಿಂತ ಮುಂಚೆಯೇ ಮಾಡಿ, ನಿಮ್ಮ ಪಟ್ಟಿ ಎದುರಿಗೆ ಇಟ್ಟುಕೊಂಡು.